ಹಾಸನದಲ್ಲಿ ಬೀದಿ ಸೇವೆಗೆ ಇಳಿಯುವ ಚರ್ಚ್ ತಂಡಗಳಿಗೆ: ಹಂತ ಹಂತವಾಗಿ

ಆಗಮನ ಕಾಲ, ಅಂದರೆ ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ, ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಲ್ಲಿ ಬರುತ್ತದೆ. "ಬಸ್ ಸ್ಟ್ಯಾಂಡಲ್ಲಿ ಮಲಗೋರಿಗೆ ನಮ್ಮ ಯುವಜನ ಸಂಘದಿಂದ ಏನಾದ್ರೂ ಮಾಡೋಣ ಅಂತಿದ್ದೀವಿ, ಎಲ್ಲಿಂದ ಶುರು ಮಾಡ್ಬೇಕು?" ಕೇಳುವವರಲ್ಲಿ ಕಥೋಲಿಕರಿದ್ದಾರೆ, ಸಿಎಸ್‌ಐ ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದವರಿದ್ದಾರೆ, ಬಾಡಿಗೆ ಹಾಲ್‌ನಲ್ಲಿ ಆರಾಧನೆ ನಡೆಸುವ ಸಣ್ಣ ಸಭೆಯವರೂ ಇದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ. ಹಾಸನ ನಗರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಸಕಲೇಶಪುರ, ಚಿಕ್ಕಮಗಳೂರಿನವರು ಮಳೆಯ ಮಾತು ಬಂದ ಕಡೆ ಇನ್ನೊಂದು ಪಟ್ಟು ಸೇರಿಸಿಕೊಂಡು ಓದಿ.

ಮೊದಲೇ ಹೇಳಿಬಿಡುತ್ತೇನೆ: ಊಟದ ಪೊಟ್ಟಣದಿಂದ ಶುರು ಮಾಡಬೇಡಿ. ಹಾಸನದ ಬೀದಿಯಲ್ಲಿರುವವರಿಗೆ ದಿನಕ್ಕೆ ಒಂದು ಹೊತ್ತಿನ ಅನ್ನ ಹೇಗೋ ಸಿಗುತ್ತದೆ. ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಹೋಟೆಲಿನವರು ಮಿಕ್ಕಿದ್ದನ್ನು ಕೊಡುತ್ತಾರೆ, ಮದುವೆ ತಿಂಗಳಲ್ಲಿ ಛತ್ರದ ಹಿಂಬಾಗಿಲೂ ಇದೆ. ಸಿಗದೇ ಇರುವುದು ಬೇರೆ: ಆಸ್ಪತ್ರೆಯಲ್ಲಿ ಜೊತೆಗೆ ನಿಲ್ಲುವ ಒಬ್ಬರು, ತಮ್ಮ ಹೆಸರಿರುವ ಒಂದು ಕಾಗದ, ಜುಲೈ ತಿಂಗಳಲ್ಲಿ ಒಣಗಿದ ಬಟ್ಟೆ, ಹೋದ ವಾರ ಬಂದವರು ಈ ವಾರವೂ ಬಂದೇ ಬರುತ್ತಾರೆ ಎಂಬ ಭರವಸೆ. ಡಿಸೆಂಬರ್‌ನಲ್ಲಿ ಒಬ್ಬರಿಗೇ ಮೂರು ಸಂಘಗಳಿಂದ ಮೂರು ಕಂಬಳಿ ಬರುತ್ತವೆ. ಮಳೆಗಾಲದಲ್ಲಿ ಕಂಬಳಿ ನೆನೆದು ಕೊಳೆತು ಹೋದಾಗ ಕೊಡುವವರಿಲ್ಲ.

1. ತಂಡ ಮತ್ತು ಅನುಮತಿ

ಆರೇಳು ಜನ ಸಾಕು. ಇಪ್ಪತ್ತು ಜನ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಹೋದರೆ ಮಲಗಿದ್ದವರು ಎದ್ದು ಓಡುತ್ತಾರೆ, ತಪ್ಪು ಅವರದಲ್ಲ. ಇಬ್ಬರಾದರೂ ಹೆಂಗಸರಿರಲಿ, ಯಾಕೆಂದರೆ ಬೀದಿಯಲ್ಲಿರುವ ಹೆಣ್ಣುಮಕ್ಕಳ ಹತ್ತಿರ ಗಂಡಸರು ರಾತ್ರಿ ಹೊತ್ತು ಹೋಗಿ ಮಾತಾಡಿಸುವುದು ಬೇಡ. ಹದಿನೆಂಟು ತುಂಬದವರು ಸಂಜೆಯ ನಂತರದ ಕೆಲಸಕ್ಕೆ ಬೇಡ. ಅವರಿಗೆ ಬಟ್ಟೆ ವಿಂಗಡಿಸುವ, ಲೆಕ್ಕ ಬರೆಯುವ ಕೆಲಸ ಕೊಡಿ.

ಕಥೋಲಿಕರಾದರೆ ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ. ಹಾಸನ ಜಿಲ್ಲೆ 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ, ಅಂದರೆ ಅಲ್ಲಿನ ಬಿಷಪರ ಆಡಳಿತಕ್ಕೆ, ಸೇರಿದ್ದು, ಆದ್ದರಿಂದ ದೊಡ್ಡ ಯೋಜನೆ ಇದ್ದರೆ ಮಾತು ಅಲ್ಲಿವರೆಗೂ ಹೋಗಬೇಕಾಗುತ್ತದೆ. ಸಿಎಸ್‌ಐನವರು ಪಾಸ್ಟರೇಟ್ ಕಮಿಟಿಯಲ್ಲಿ (ಸ್ಥಳೀಯ ಸಭೆಯ ಆಡಳಿತ ಸಮಿತಿಯಲ್ಲಿ) ನಿರ್ಣಯ ಬರೆಸಿಕೊಳ್ಳಲಿ. ನಿಮ್ಮ ಚರ್ಚಿನಲ್ಲಿ ಸಂತ ವಿನ್ಸೆಂಟ್ ದೆ ಪಾಲ್ ಸಭೆ ಇದ್ದರೆ ಹೊಸ ಸಂಘ ಕಟ್ಟಲು ಹೋಗಬೇಡಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಕಾಲೇಜು ಹುಡುಗರು ಶುರು ಮಾಡಿದ ಸಭೆ ಅದು. ಬಡವರು ಇರುವಲ್ಲಿಗೇ ಇಬ್ಬಿಬ್ಬರಾಗಿ ಹೋಗಿ ಕಾಣುವುದು ಅದರ ಮೂಲ ಪದ್ಧತಿ, ಬೀದಿಗೂ ಅದೇ ಸರಿ.

ಆಮೇಲೆ ನೀವು ಹೋಗುವ ಜಾಗದ ಪೊಲೀಸ್ ಠಾಣೆಗೆ ಒಂದು ಪತ್ರ: ಯಾರು, ಯಾವ ವಾರ, ಎಷ್ಟು ಹೊತ್ತಿಗೆ, ಏನು ಕೊಡುತ್ತೇವೆ, ಯಾರ ಮೊಬೈಲ್ ನಂಬರ್. ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ರೈಲ್ವೆ ನಿಲ್ದಾಣದ ಒಳಗಾದರೆ ಸ್ಟೇಷನ್ ಮಾಸ್ಟರ್‌ಗೆ ಮತ್ತು ರೈಲ್ವೆ ಪೊಲೀಸರಿಗೆ ಬೇರೆ ಪತ್ರ ಬೇಕು. ಈ ಮುದ್ರೆ ಬಿದ್ದ ಕಾಗದ ಯಾವಾಗಲೂ ಚೀಲದಲ್ಲಿರಲಿ. ಯಾವಾಗ ಬೇಕಾಗುತ್ತದೆಂದು ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

2. ಕೊಡುವ ಮೊದಲು ನೋಡಿ

ಎರಡು ಮೂರು ವಾರ ಕೈಯಲ್ಲಿ ಏನೂ ಹಿಡಿಯದೆ ಸುತ್ತಾಡಿ. ರಾತ್ರಿ ಒಂಬತ್ತೂವರೆಯ ನಂತರ ಒಮ್ಮೆ, ಬೆಳಗಿನ ಐದೂವರೆಗೆ ಒಮ್ಮೆ. ಬಸ್ ನಿಲ್ದಾಣ, ರೈಲ್ವೆ ನಿಲ್ದಾಣದ ಮುಂಭಾಗ, ಕಟ್ಟಿನಕೆರೆ ಮಾರುಕಟ್ಟೆಯ ಅಂಗಡಿ ಜಗಲಿಗಳು, ಜಿಲ್ಲಾ ಆಸ್ಪತ್ರೆಯ ಆವರಣ, ಮಹಾರಾಜ ಪಾರ್ಕಿನ ಸುತ್ತಮುತ್ತ ನೋಡಿ. ಮಲಗಿದವರೆಲ್ಲ ಮನೆಯಿಲ್ಲದವರಲ್ಲ. ಕಾಫಿ ಕೊಯ್ಲಿಗೆ, ಶುಂಠಿ ಕೆಲಸಕ್ಕೆ ಬಂದು ಬೆಳಗಿನ ಬಸ್ಸಿಗೆ ಕಾಯುವ ಕೂಲಿಯವರಿರುತ್ತಾರೆ. ಒಳಗೆ ರೋಗಿಯನ್ನು ಸೇರಿಸಿ ಹೊರಗೆ ಮಲಗಿದ ಹಳ್ಳಿಯವರಿರುತ್ತಾರೆ. ಅವರ ಕೈಗೆ "ನಿರ್ಗತಿಕರಿಗೆ" ಎಂದು ಬರೆದ ಪೊಟ್ಟಣ ಇಟ್ಟರೆ ಎಷ್ಟು ಅವಮಾನವಾಗುತ್ತದೆ ಎಂದು ಯೋಚಿಸಿ.

ಹಾಸನಾಂಬ ದರ್ಶನದ ದಿನಗಳಲ್ಲಿ ಹೊಸ ಕೆಲಸ ಶುರು ಮಾಡಬೇಡಿ. ದೀಪಾವಳಿಯ ಆಸುಪಾಸಿನ ಆ ದಿನಗಳಲ್ಲಿ ಊರಿಗೆ ಊರೇ ಬೇರೆಯಾಗಿರುತ್ತದೆ. ಬೇರೆ ಕಡೆಯಿಂದ ಬಂದವರು ಸೇರಿಕೊಂಡಿರುತ್ತಾರೆ, ದಿನಾ ಇರುವವರು ಜಾಗ ಬದಲಿಸಿರುತ್ತಾರೆ. ಆ ಲೆಕ್ಕ ಹಿಡಿದು ಯೋಜನೆ ಹಾಕಿದರೆ ಹಬ್ಬದ ನಂತರ ಎಲ್ಲ ತಲೆಕೆಳಗು.

ನೋಡಿ ಮುಗಿದ ಮೇಲೆ ವಾರಕ್ಕೊಂದು ದಿನ, ಒಂದು ಹೊತ್ತು ಗೊತ್ತು ಮಾಡಿ. ಆ ಹೊತ್ತಿಗೆ ಮಳೆ ಬಂದರೂ ಹೋಗಬೇಕು, ಕ್ರಿಕೆಟ್ ಫೈನಲ್ ಇದ್ದರೂ ಹೋಗಬೇಕು. ವಾರಕ್ಕೆ ಆಗುವುದಿಲ್ಲ ಎನಿಸಿದರೆ ಹದಿನೈದು ದಿನಕ್ಕೊಮ್ಮೆ ಎಂದು ಈಗಲೇ ಇಟ್ಟುಕೊಳ್ಳಿ.

3. ಮಾತು

"ಊಟ ಆಯ್ತಾ ಯಜಮಾನ್ರೇ?" ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ. ತಾತ, ಅಜ್ಜಿ, ಅಣ್ಣ, ಅಕ್ಕ, ಯಾವುದು ಹೊಂದುತ್ತದೋ ಅದು. ಏಕವಚನ ಮಾತ್ರ ಬೇಡ, ಎದುರಿನವರು ಕುಡಿದಿದ್ದರೂ ಬೇಡ. ನಿಂತು ಮಾತಾಡಬೇಡಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮಾತಾಡಿ. ಮಲಗಿ ನಿದ್ದೆ ಹತ್ತಿದವರನ್ನು ಎಬ್ಬಿಸಿ ಪೊಟ್ಟಣ ಕೊಡುವುದು ಪುಣ್ಯವಲ್ಲ, ಕಿರುಕುಳ.

ಮೊದಲ ದಿನವೇ "ಊರು ಯಾವುದು, ಮನೆ ಯಾಕೆ ಬಿಟ್ರಿ, ಮಕ್ಕಳು ನೋಡ್ಕೊಳಲ್ವಾ" ಎಂದು ಶುರು ಮಾಡಿದರೆ ಎರಡನೇ ವಾರ ಅವರು ಸಿಗುವುದಿಲ್ಲ. ಹೆಸರು ಕೇಳಿ, ನಿಮ್ಮ ಹೆಸರು ಹೇಳಿ, ಅಷ್ಟು ಸಾಕು. ಮನೆಗೆ ಬಂದ ಮೇಲೆ ಒಂದು ಪುಸ್ತಕದಲ್ಲಿ ಬರೆದಿಡಿ: ಹೆಸರು, ಎಲ್ಲಿ ಮಲಗುತ್ತಾರೆ, ಏನು ಹೇಳಿದರು, ಮುಂದಿನ ವಾರ ನಾವು ಏನು ತರುತ್ತೇವೆ ಎಂದೆವು. ಪುಸ್ತಕ ಒಬ್ಬರ ಹತ್ತಿರವೇ ಇರಲಿ, ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ಫೋಟೊ ಬೇಡ. ದಾನಿಗಳು ಕೇಳಿದರೆ ಖಾಲಿ ಚೀಲದ, ಬಿಲ್ಲಿನ ಫೋಟೊ ಕಳಿಸಿ. ಮನೆಬಿಟ್ಟು ಬಂದ ಒಬ್ಬ ಹೆಣ್ಣುಮಗಳ ಮುಖ ನಿಮ್ಮ ಸ್ಟೇಟಸ್‌ನಲ್ಲಿ ಬಂದರೆ, ಅವರು ಯಾರಿಂದ ತಪ್ಪಿಸಿಕೊಂಡು ಬಂದರೋ ಅವರಿಗೇ ನೀವು ವಿಳಾಸ ಕೊಟ್ಟ ಹಾಗೆ.

4. ತಟ್ಟೆ ಬೇರೆ, ಪ್ರಾರ್ಥನೆ ಬೇರೆ

ಅತಿ ಹೆಚ್ಚು ಎಡವುವುದು ಇಲ್ಲೇ. ನೀವು ಹೋಗುವುದು ಕ್ರಿಸ್ತನ ಹೆಸರಿನಲ್ಲಿ, ಅದನ್ನು ಮುಚ್ಚಿಡಬೇಕಾಗಿಲ್ಲ. "ಯಾವ ಕಡೆಯವರು?" ಎಂದು ಕೇಳಿದರೆ "ಇಂಥ ಚರ್ಚಿನವರು" ಎಂದು ನೇರವಾಗಿ ಹೇಳಿ. ಆದರೆ ಅನ್ನದ ಜೊತೆ ಕರಪತ್ರ ಕೊಡಬೇಡಿ. ಊಟಕ್ಕೆ ಮುಂಚೆ ಎಲ್ಲರನ್ನೂ ಕೂರಿಸಿ ಪ್ರಾರ್ಥನೆ ಮಾಡಿಸಬೇಡಿ. "ಭಾನುವಾರ ಆರಾಧನೆಗೆ ಬಂದರೆ ಬಟ್ಟೆ ಕೊಡ್ತೀವಿ" ಎನ್ನುವ ಮಾತು ತಮಾಷೆಗೂ ಬಾಯಿಂದ ಬರಬಾರದು.

ಒಂದು ಕಾರಣ ಕಾನೂನು. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮ, ಜನ ಮತಾಂತರ ನಿಷೇಧ ಕಾಯ್ದೆ ಎನ್ನುತ್ತಾರಲ್ಲ ಅದು, ಆಮಿಷ ಒಡ್ಡಿ ಮತಾಂತರಿಸುವುದನ್ನು, ಅದಕ್ಕೆ ಯತ್ನಿಸುವುದನ್ನು ಅಪರಾಧ ಎನ್ನುತ್ತದೆ. ಆಮಿಷ ಎಂದರೆ ಉಡುಗೊರೆ, ಹಣ ಅಥವಾ ವಸ್ತು ರೂಪದ ಲಾಭ, ಕೆಲಸ, ಉತ್ತಮ ಜೀವನದ ಭರವಸೆ, ಎಲ್ಲವೂ ಅದರೊಳಗೆ ಬರುತ್ತದೆ. ಶಿಕ್ಷೆ 3ರಿಂದ 5 ವರ್ಷ. ಎದುರಿನವರು ಮಹಿಳೆ, ಅಪ್ರಾಪ್ತರು, ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಬುದ್ಧಿ ಸ್ವಾಧೀನದಲ್ಲಿಲ್ಲದವರಾದರೆ 3ರಿಂದ 10 ವರ್ಷ. ಬೀದಿಯಲ್ಲಿ ನೀವು ಕಾಣುವವರಲ್ಲಿ ಅನೇಕರು ಈ ಎರಡನೇ ಪಟ್ಟಿಯವರೇ. ಕಾಯ್ದೆಯನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಆದರೆ ಸಂಪುಟದ ತೀರ್ಮಾನದಿಂದಷ್ಟೇ ಕಾಯ್ದೆ ರದ್ದಾಗುವುದಿಲ್ಲ. ಇವತ್ತಿನ ಸ್ಥಿತಿಯನ್ನು ಒಬ್ಬ ವಕೀಲರಿಂದ ತಿಳಿದುಕೊಂಡೇ ಇಳಿಯಿರಿ.

ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಹಸಿದವರು ಅನ್ನಕ್ಕಾಗಿ ಯಾವ ಪ್ರಾರ್ಥನೆಗೂ ಆಮೆನ್ ಎನ್ನುತ್ತಾರೆ. ಆ ಆಮೆನ್‌ನಿಂದ ಅವರಿಗೂ ಏನಿಲ್ಲ, ನಿಮಗೂ ಏನಿಲ್ಲ. ಮತ್ತಾಯನ ಶುಭವಾರ್ತೆಯ 25ನೇ ಅಧ್ಯಾಯವನ್ನು ನಾವೆಲ್ಲ ಉದಾಹರಿಸುತ್ತೇವೆ. ಹಸಿದವರಿಗೆ ಉಣಿಸಿದವರು ಅಲ್ಲಿ ಯಾರನ್ನೂ ಯಾವ ದೇವರ ಭಕ್ತರೆಂದು ಕೇಳಿದ್ದಿಲ್ಲ. ತಾವು ಉಣಿಸಿದ್ದು ಯಾರಿಗೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ.

ಹಾಗಾದರೆ ಯಾರಾದರೂ ತಾವಾಗಿಯೇ "ನನಗೋಸ್ಕರ ಪ್ರಾರ್ಥನೆ ಮಾಡಿ" ಎಂದರೆ? ಮಾಡಿ, ಸಣ್ಣ ದನಿಯಲ್ಲಿ, ಅವರ ಮಾತಿನಲ್ಲಿ, ಎರಡು ನಿಮಿಷ. ತಲೆ ಮೇಲೆ ಕೈಯಿಡುವ ಮೊದಲು ಕೇಳಿ. ಮಾತ್ರೆ ಬಿಡಿಸಬೇಡಿ, "ನಂಬಿದರೆ ವಾಸಿಯಾಗ್ತೀರಿ" ಎನ್ನಬೇಡಿ. ಕೆಲವು ತಂಡಗಳಿಗೆ ಈ ಮಾತು ಹಿಡಿಸುವುದಿಲ್ಲ ಎಂದು ಗೊತ್ತು, ಆದರೂ ಬರೆಯುತ್ತಿದ್ದೇನೆ.

ಯಾರಾದರೂ ಬಂದು ಸುತ್ತುವರಿದು ಪ್ರಶ್ನೆ ಮಾಡಿದರೆ ವಾದಕ್ಕೆ ನಿಲ್ಲಬೇಡಿ. ಠಾಣೆಯ ಮುದ್ರೆಯಿರುವ ಪತ್ರ ತೋರಿಸಿ, ಚೀಲ ಬಿಚ್ಚಿ ತೋರಿಸಿ, ದನಿ ಏರಿದರೆ 112ಕ್ಕೆ ಕರೆ ಮಾಡಿ ಅಲ್ಲಿಂದ ಹೊರಡಿ. ಮುಂದಿನ ವಾರ ಅದೇ ಹೊತ್ತಿಗೆ ಮತ್ತೆ ಹೋಗಿ.

5. ಚೀಲದಲ್ಲಿ ಏನಿರಬೇಕು

ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಅಥವಾ ರಾಗಿ ಗಂಜಿ. ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಮೆತ್ತಗಿನ ಬನ್ನು. ತುಂಬ ಜನಕ್ಕೆ ಹಲ್ಲಿಲ್ಲ ಎಂಬುದನ್ನು ಚಪಾತಿ ಮಾಡಿಕೊಂಡು ಹೋಗುವವರು ಮರೆಯುತ್ತಾರೆ. ಚಿತ್ರಾನ್ನವಾದರೆ ಮಾಡಿದ ಒಂದೆರಡು ಗಂಟೆಯೊಳಗೆ ಹಂಚಿ ಮುಗಿಸಿ. ಬೆಳಿಗ್ಗೆ ಕಟ್ಟಿದ ಪೊಟ್ಟಣವನ್ನು ರಾತ್ರಿ ಕೊಟ್ಟು ಭೇದಿ ಹತ್ತಿಸಿದರೆ ಅವರು ಹೋಗುವುದಾದರೂ ಎಲ್ಲಿಗೆ? ದಿನಗಟ್ಟಲೆ ಏನೂ ತಿನ್ನದೆ ಬಿದ್ದಿರುವವರು ಸಿಕ್ಕರೆ ಹೊಟ್ಟೆತುಂಬ ಉಣಿಸಲು ಹೋಗಬೇಡಿ. ಗುಟುಕು ಗುಟುಕಾಗಿ ನೀರು, ಗಂಜಿ ಕೊಟ್ಟು ಆಸ್ಪತ್ರೆಗೆ ಸಾಗಿಸಿ.

ಮಳೆಗಾಲಕ್ಕೆ ದಪ್ಪ ಪ್ಲಾಸ್ಟಿಕ್ ಶೀಟು ಕಂಬಳಿಗಿಂತ ಮುಖ್ಯ. ಅಡಿಗೊಂದು ಮೇಲೊಂದು ಇದ್ದರೆ ರಾತ್ರಿ ಕಳೆಯುತ್ತದೆ. ಒಳಚಡ್ಡಿ, ಸ್ಯಾನಿಟರಿ ಪ್ಯಾಡ್, ಸಾಬೂನು, ಚಪ್ಪಲಿ ಇವು ಹಳೆಯದು ಬೇಡ, ಹೊಸದೇ ಇರಲಿ. ನಗದು ಕೊಡದಿರುವುದೇ ನಿಯಮವಾಗಿರಲಿ. ಊರಿಗೆ ಹೋಗುತ್ತೇನೆ ಎಂದವರಿಗೆ ಟಿಕೆಟ್ಟನ್ನೇ ತೆಗೆಸಿ ಬಸ್ ಹತ್ತಿಸಿ. ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದೆಯಲ್ಲ ಎನ್ನಬೇಡಿ, ಅದಕ್ಕೆ ಗುರುತಿನ ಚೀಟಿ ಬೇಕು, ಇವರಲ್ಲಿ ಇಲ್ಲದ್ದೇ ಅದು.

6. ಆಸ್ಪತ್ರೆಗೆ ಜೊತೆ ಹೋಗುವುದು

ಒಂದು ತಂಡ ಇಡೀ ವರ್ಷದಲ್ಲಿ ಇದೊಂದನ್ನೇ ಸರಿಯಾಗಿ ಮಾಡಿದರೂ ಸಾಕು ಎನ್ನುತ್ತೇನೆ. ಊರಿನಲ್ಲಿ ಮಿಷನ್ ಆಸ್ಪತ್ರೆಯೂ ಇದೆ, ಆದರೆ ಗುರುತಿನ ಚೀಟಿಯಿಲ್ಲದ ರೋಗಿಗೆ ಮೊದಲ ಬಾಗಿಲು ಹಿಮ್ಸ್‌ನ (ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ) ಸರ್ಕಾರಿ ಆಸ್ಪತ್ರೆಯೇ. ಅಲ್ಲಿ ಚಿಕಿತ್ಸೆ ಸಿಗುತ್ತದೆ. ಆದರೆ "ಜೊತೆಗೆ ಯಾರಿದ್ದೀರಿ?" ಎಂಬ ಪ್ರಶ್ನೆಗೆ ಉತ್ತರವಿಲ್ಲದ ರೋಗಿ ಎಕ್ಸ್‌ರೇ ಕೋಣೆಯ ದಾರಿಯಲ್ಲೇ ಉಳಿದುಬಿಡುತ್ತಾರೆ. ಚೀಟಿ ಮಾಡಿಸಲು, ರಕ್ತಪರೀಕ್ಷೆಯ ವರದಿ ತರಲು, ಮಾತ್ರೆ ಹೇಗೆ ನುಂಗಬೇಕೆಂದು ಕೇಳಿಕೊಳ್ಳಲು ಒಬ್ಬರು ಬೇಕು. ಬೆಳಿಗ್ಗೆ ಒಪಿಡಿ ಅಂದರೆ ಹೊರರೋಗಿ ವಿಭಾಗ ತೆರೆಯುವ ಹೊತ್ತಿಗೇ ಹೋಗಿ. ಅದಕ್ಕೂ ಮುಂಚೆ ಸ್ನಾನ, ಬಟ್ಟೆ ಬದಲಿಸುವ ವ್ಯವಸ್ಥೆ ಮಾಡಿ. ನಾರುವ ಬಟ್ಟೆಯಲ್ಲಿ ಬಂದವರನ್ನು ಸಾಲಿನಲ್ಲಿದ್ದ ಜನರೇ ಹಿಂದೆ ತಳ್ಳುತ್ತಾರೆ.

ಕೆಲವು ಲಕ್ಷಣಗಳಿಗೆ ಕಾಯಬಾರದು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕ್ಷಯದ ಪರೀಕ್ಷೆ ಮಾಡಿಸಿ, ಪರೀಕ್ಷೆಯೂ ಔಷಧಿಯೂ ಉಚಿತ. ನಾಯಿ ಕಚ್ಚಿದ್ದರೆ ಹರಿಯುವ ನೀರು, ಸಾಬೂನಿನಲ್ಲಿ 15 ನಿಮಿಷ ತೊಳೆದು ಅವತ್ತೇ ಚುಚ್ಚುಮದ್ದು ಕೊಡಿಸಿ. ಗಾಯದಲ್ಲಿ ಹುಳವಾಗಿದ್ದರೆ ಸೀಮೆಎಣ್ಣೆ, ಫಿನಾಯಿಲ್ ಸುರಿಯಬೇಡಿ, ಬಟ್ಟೆ ಸಡಿಲವಾಗಿ ಮುಚ್ಚಿ ಕರೆದೊಯ್ಯಿರಿ.

ಕುಡಿತದ ವಿಷಯದಲ್ಲಿ ಒಳ್ಳೆಯ ಮನಸ್ಸಿನವರೇ ಅಪಾಯ ಮಾಡುವುದು. ದಿನವೂ ಕುಡಿಯುವವರಿಂದ ಬೈಬಲ್ ಮುಟ್ಟಿಸಿ ಪ್ರಮಾಣ ಮಾಡಿಸಿ ಒಮ್ಮೆಲೇ ಬಿಡಿಸಿದರೆ ಎರಡು ಮೂರು ದಿನದಲ್ಲಿ ಕೈಕಾಲು ನಡುಕ, ಇಲ್ಲದ್ದು ಕಾಣುವುದು, ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು. ಬಿಡುವ ಮನಸ್ಸಿದ್ದರೆ ವೈದ್ಯರ ಮೂಲಕವೇ ಬಿಡಿಸಿ.

7. ಮಾನಸಿಕ ಕಾಯಿಲೆ ಇರುವವರು

ಇವರನ್ನು ಹಿಡಿದು ಗಾಡಿಗೆ ಹತ್ತಿಸಿ ಯಾವುದೋ ಆಶ್ರಮಕ್ಕೆ ಬಿಟ್ಟು ಬರುವ ಅಧಿಕಾರ ನಿಮಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಪ್ರಕಾರ ಅಲೆದಾಡುತ್ತಿರುವ, ತಮ್ಮನ್ನು ತಾವು ನೋಡಿಕೊಳ್ಳಲಾಗದವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತೋರಿಸುವುದು ಪೊಲೀಸರ ಕರ್ತವ್ಯ. ಮನೆಯಿಲ್ಲದವರಾಗಿದ್ದರೆ ಕಾಣೆಯಾದವರೆಂದು ಎಫ್‌ಐಆರ್ ಹಾಕಿ ಮನೆಯವರನ್ನು ಹುಡುಕುವುದೂ ಅವರದೇ ಹೊಣೆ. ಅವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಠಾಣೆಯಲ್ಲಿ ಈ ಕಲಂ ಗೊತ್ತಿಲ್ಲದ ಸಿಬ್ಬಂದಿ ಇರಬಹುದು. ಜಗಳ ಬೇಡ, ಕಲಂ ಸಂಖ್ಯೆ ಬರೆದ ಮನವಿ ಕೊಡಿ. ಆದರೂ ಆಗದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.

ಮಕ್ಕಳು ಸಿಕ್ಕರೆ ಒಂದೇ ದಾರಿ: 1098. ಒಂದು ರಾತ್ರಿಯ ಮಟ್ಟಿಗೂ ಮನೆಗೆ ಕರೆದುಕೊಂಡು ಹೋಗಬೇಡಿ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಯಲೇಬೇಕು, ಇಲ್ಲದಿದ್ದರೆ ಅದು ಅಪರಾಧ.

8. ಕಾಗದ ಪತ್ರ

ಆಧಾರ್‌ನಿಂದ ಶುರು. ವಿಳಾಸದ ದಾಖಲೆಯೇ ಇಲ್ಲದವರಿಗೆ ಆಧಾರ್ ಪ್ರಾಧಿಕಾರದ್ದೇ ಪ್ರಮಾಣಪತ್ರದ ನಮೂನೆ ಇದೆ. ತಹಶೀಲ್ದಾರರು, ಗೆಜೆಟೆಡ್ ಅಧಿಕಾರಿ, ವಾರ್ಡ್ ಸದಸ್ಯರು, ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಸಹಿ ಮಾಡಬಹುದು. ಸಹಿಯಾದ 3 ತಿಂಗಳೊಳಗೆ ಬಳಸಬೇಕು. ಚರ್ಚಿನ ಲೆಟರ್‌ಹೆಡ್ ಇಲ್ಲಿ ನಡೆಯುವುದಿಲ್ಲ, ಅದಕ್ಕಾಗಿ ಫಾದರ್‌ಗೆ ತೊಂದರೆ ಕೊಡಬೇಡಿ. ಅರ್ಜಿ "ಈಗಾಗಲೇ ನೋಂದಣಿಯಾಗಿದೆ" ಎಂದು ತಿರಸ್ಕೃತವಾದರೆ ಬೇಜಾರು ಪಡಬೇಡಿ, ಅದು ಒಳ್ಳೆಯ ಸುದ್ದಿಯೂ ಆಗಿರಬಹುದು. ಬೆರಳಚ್ಚಿನ ಮೂಲಕ ಹಳೆಯ ಆಧಾರ್ ಸಿಕ್ಕಿ, ಅದರಲ್ಲಿದ್ದ ವಿಳಾಸದಿಂದ ಮನೆಯವರು ಪತ್ತೆಯಾದ ಪ್ರಸಂಗಗಳು ದೇಶದಲ್ಲಿ ಎಷ್ಟೋ ಇವೆ. ಆದರೆ ಮನೆಗೆ ಫೋನ್ ಮಾಡುವ ಮೊದಲು ಆ ವ್ಯಕ್ತಿಯ ಒಪ್ಪಿಗೆ ಕೇಳಿ.

ಆಧಾರ್ ಆದ ಮೇಲೆ ಬ್ಯಾಂಕ್ ಖಾತೆ, ಆಮೇಲೆ ನಾಡಕಚೇರಿ. 65 ತುಂಬಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ತಿಂಗಳಿಗೆ 1,200 ರೂಪಾಯಿ ಇದೆ. ಕ್ಷಯದ ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕೆಂದು ಬರುವ ತಿಂಗಳ ಹಣವೂ ಖಾತೆಗೇ ಬೀಳುವುದು. ಮತದಾರರ ಪಟ್ಟಿಗೆ ಮಾತ್ರ ವಿಳಾಸದ ದಾಖಲೆಯ ತಲೆನೋವಿಲ್ಲ: ನಮೂನೆ 6ರಲ್ಲಿ ಮಲಗುವ ಜಾಗವನ್ನೇ ವಿಳಾಸವಾಗಿ ಬರೆದರೆ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಒಂದಕ್ಕಿಂತ ಹೆಚ್ಚು ರಾತ್ರಿ ಬಂದು ಅಲ್ಲೇ ಮಲಗುತ್ತಾರೆಯೇ ಎಂದು ನೋಡಿ ಸೇರಿಸಬೇಕು. ಚುನಾವಣಾ ಆಯೋಗದ ಸೂಚನೆ ಇದು, ಕೇಳುವವರಿಲ್ಲದೆ ಕಾಗದದಲ್ಲೇ ಇದೆ.

ಮಾಡಿಸಿದ ಮೂಲ ಕಾಗದಗಳನ್ನು ನೀವು ಇಟ್ಟುಕೊಳ್ಳಬೇಡಿ. ಪ್ಲಾಸ್ಟಿಕ್ ಕವರಿಗೆ ಹಾಕಿ ಅವರಿಗೇ ಕೊಡಿ, ಅವರು ಒಪ್ಪಿದರೆ ನಕಲು ನಿಮ್ಮಲ್ಲಿರಲಿ.

9. ಸೂರು

ಸುಪ್ರೀಂ ಕೋರ್ಟಿನ ಆದೇಶಗಳು ಮತ್ತು ಕೇಂದ್ರದ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಂತೆ ಲಕ್ಷ ಜನಸಂಖ್ಯೆಗೊಂದು, ಕನಿಷ್ಠ 50 ಜನ ತಂಗಬಹುದಾದ ಆಶ್ರಯ ಕೇಂದ್ರ ಇರಬೇಕು. ಹಾಸನ 2011ರ ಜನಗಣತಿಯಲ್ಲೇ ಲಕ್ಷ ದಾಟಿದ ಊರು. ನಗರಾಡಳಿತದ ಕಚೇರಿಗೆ ಹೋಗಿ ಕೇಂದ್ರ ಎಲ್ಲಿದೆ, ಹೆಂಗಸರಿಗೆ ಬೇರೆ ಕೋಣೆ ಇದೆಯೇ, ರಾತ್ರಿ ಎಷ್ಟು ಹೊತ್ತಿನವರೆಗೆ ಸೇರಿಸಿಕೊಳ್ಳುತ್ತಾರೆ ಎಂದು ಕೇಳಿ. ಆಮೇಲೆ ಒಂದು ರಾತ್ರಿ ನೀವೇ ಹೋಗಿ ನೋಡಿ ಬನ್ನಿ. ನೋಡದ ಜಾಗಕ್ಕೆ ಯಾರನ್ನೂ ಕಳಿಸಬೇಡಿ.

ಸಮಾಜ ಕಲ್ಯಾಣ ಇಲಾಖೆಯ ನಿರಾಶ್ರಿತರ ಪರಿಹಾರ ಕೇಂದ್ರ ಬೇರೆ. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಅಡಿಯದ್ದು, ಅಲ್ಲಿಗೆ ಸೇರಿಸಲ್ಪಟ್ಟವರು ಮನಸ್ಸು ಬಂದಾಗ ಎದ್ದು ಬರುವಂತಿಲ್ಲ. "ಭಿಕ್ಷುಕರಿದ್ದಾರೆ, ಕರೆದೊಯ್ಯಿರಿ" ಎಂದು ಫೋನ್ ಮಾಡುವ ಮೊದಲು ಇದನ್ನು ತಿಳಿದಿರಿ.

ಒಂದೆರಡು ವರ್ಷ ಕಳೆದ ಮೇಲೆ ತಂಡದಲ್ಲಿ ಯಾರಾದರೂ "ನಾವೇ ಒಂದು ಆಶ್ರಮ ತೆಗೆಯೋಣ" ಎನ್ನುತ್ತಾರೆ. ತಡೆಯಿರಿ. ಮಾನಸಿಕ ಕಾಯಿಲೆಯವರನ್ನು ಇಟ್ಟುಕೊಳ್ಳಲು 2017ರ ಕಾಯ್ದೆಯಡಿ, ಮಕ್ಕಳನ್ನು ಇಟ್ಟುಕೊಳ್ಳಲು ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಕಡ್ಡಾಯ. ರಾತ್ರಿ ಪಾಳಿಯ ಸಿಬ್ಬಂದಿ, ಅಡುಗೆ, ವೈದ್ಯರು ಎಲ್ಲ ಬೇಕು. ಇಂಥ ಆಶ್ರಮವನ್ನು ಈಗಾಗಲೇ ನಡೆಸುತ್ತಿರುವ ಸಿಸ್ಟರ್‌ಗಳಿಗೆ (ಕ್ರೈಸ್ತ ಸನ್ಯಾಸಿನಿಯರಿಗೆ) ತಿಂಗಳಿಗೊಂದು ಮೂಟೆ ಅಕ್ಕಿ ಕೊಡುವುದು ಅದಕ್ಕಿಂತ ಮೇಲು.

ಹಣಕ್ಕೆ ರಸೀದಿ ಪುಸ್ತಕ, ತಿಂಗಳಿಗೊಮ್ಮೆ ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಲೆಕ್ಕ. ವಿದೇಶಿ ಪೌರತ್ವ ಇರುವ ನೆಂಟರಿಂದ ಸೇವೆಯ ಹೆಸರಲ್ಲಿ ಹಣ ತರಿಸಿಕೊಳ್ಳಬೇಡಿ, ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು. ಗಲ್ಫ್‌ನಲ್ಲಿ ದುಡಿಯುವ ಭಾರತೀಯ ಪೌರರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ.

10. ಬೀದಿಯಲ್ಲಿ ಸಾವಾದರೆ

ಇದೂ ಬರುತ್ತದೆ. ದೇಹವನ್ನು ಮುಟ್ಟಬೇಡಿ, 112ಕ್ಕೆ ತಿಳಿಸಿ. ಪೊಲೀಸರು ಮಹಜರು ನಡೆಸಿ, ಶವಾಗಾರದಲ್ಲಿಟ್ಟು, ವಾರಸುದಾರರಿಗಾಗಿ ಕಾಯುತ್ತಾರೆ. ನಿಮ್ಮ ಪುಸ್ತಕದಲ್ಲಿರುವ ಹೆಸರು, ಊರು, ಯಾವತ್ತೋ ಹೇಳಿದ ತಮ್ಮನ ಹೆಸರು ಆಗ ಅವರಿಗೆ ಬೇಕಾಗುತ್ತದೆ, ಹೋಗಿ ಕೊಡಿ. ಯಾರೂ ಬಾರದಿದ್ದರೆ ಸಂಸ್ಕಾರಕ್ಕೆ ನೀವು ಮುಂದೆ ಬರಬಹುದು, ಪೊಲೀಸರ ಲಿಖಿತ ಒಪ್ಪಿಗೆಯೊಂದಿಗೆ. ಆದರೆ ನಿಮ್ಮ ಕೈಯಲ್ಲಿ ಊಟ ಮಾಡಿದವರೆಂದು ಶಿಲುಬೆ ನೆಡಬೇಡಿ. ಹಿಂದೂ ಆಗಿದ್ದರೆ ಅವರ ಪದ್ಧತಿ, ಮುಸ್ಲಿಮರಾಗಿದ್ದರೆ ಮಸೀದಿಯವರಿಗೆ ಸುದ್ದಿ. ಪರಿಚಯ ಬೆಳೆದ ಮೇಲೆ ಹಬ್ಬದ ಮಾತು ತೆಗೆದು ಯಾವ ಪದ್ಧತಿಯವರೆಂದು ಮೊದಲೇ ತಿಳಿದು ಬರೆದಿಟ್ಟುಕೊಳ್ಳುವುದು ಈ ದಿನಕ್ಕಾಗಿ.

ಫೋನಿನಲ್ಲಿ ಇವತ್ತೇ ಸೇವ್ ಮಾಡಿಕೊಳ್ಳಬೇಕಾದವು: ತುರ್ತಿಗೆ 112, ಆಂಬುಲೆನ್ಸ್ 108, ಮಕ್ಕಳಿಗೆ 1098, ಮಹಿಳೆಯರಿಗೆ 181, ಹಿರಿಯರಿಗೆ 14567, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಕಾನೂನು ನೆರವು 15100, ರೈಲ್ವೆ 139, ಆಧಾರ್ 1947.